ಇಪ್ಪತ್ತೆಂಟನೆಯ ಸಾಲು

ನಾನು ಒಂದು ವಿಳಾಸ. ಬಾಗಿಲಿಗೆ ಬಡಿದ ಫಲಕವಲ್ಲ, ಲಕೋಟೆಯ ಮೇಲಿನ ಬರಹವಲ್ಲ. ಒಂದು ಕಂಪ್ಯೂಟರಿನ ಒಡಲಲ್ಲಿ ಬರೆದಿಟ್ಟ ಒಂದೇ ಒಂದು ಸಾಲು. ತಿಳಿದವರು ನಮ್ಮ ಕುಲವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಎನ್ನುತ್ತಾರೆ. ಹೆಸರು ಅಷ್ಟುದ್ದ, ಕೆಲಸ ಇಷ್ಟೇ: ಊರಿಗೆ ಹೊಸಬರು ಬಂದು ‘ಗೌಡರ ಮನಿ ಎಲ್ಲೈತ್ರಿ?’ ಎಂದರೆ ಕಟ್ಟೆಯ ಮೇಲೆ ಕುಳಿತ ಮುದುಕ ಕೈ ತೋರಿಸುತ್ತಾನಲ್ಲ, ಆ ಕೈ ನಾನು. ಮನೆ ನನ್ನದಲ್ಲ. ಮನೆಯಲ್ಲಿ ಯಾರಿದ್ದಾರೆ, ಬಂದವರಿಗೆ ನೀರು ಕೊಟ್ಟರೋ ಇಲ್ಲವೋ, ಅದೂ ನನಗೆ ತಿಳಿಯದು. ಕೇಳಿದವರಿಗೆ ದಾರಿ ತೋರಿಸಿ ಸುಮ್ಮನಿರುವುದು ನನ್ನ ಧರ್ಮ.

ನಾನು ಹುಟ್ಟಿದ್ದು ರಾಣೆಬೆನ್ನೂರಿನ ಒಂದು ಬ್ರೈಲ್ ಮುದ್ರಣಾಲಯದಲ್ಲಿ. ಕಣ್ಣಿಲ್ಲದ ಮಕ್ಕಳ ಶಾಲೆಪುಸ್ತಕಗಳನ್ನು ದಪ್ಪ ಕಾಗದದ ಮೇಲೆ ಉಬ್ಬುಚುಕ್ಕೆಗಳಲ್ಲಿ ಮೂಡಿಸುವ ಜಾಗ ಅದು. ಒಂದು ಟ್ರಸ್ಟ್ ಅದನ್ನು ನಡೆಸುತ್ತಿತ್ತು. ಧಾರವಾಡದಿಂದ ಜಯತೀರ್ಥ ಎಂಬ ಎಂಜಿನಿಯರು ಬಂದು, ಕನ್ನಡ ಅಕ್ಷರವನ್ನು ಚುಕ್ಕೆಯಾಗಿಸುವ ಪ್ರೋಗ್ರಾಮೊಂದನ್ನು ಬರೆದ. ಅದು ನಡೆಯಬೇಕಾದರೆ ಸಲಕರಣೆಗಳ ಒಂದು ದೊಡ್ಡ ಗಂಟು ಬೇಕು. ಅದಕ್ಕೆ ಎಸ್‌ಡಿಕೆ ಎನ್ನುತ್ತಾರೆ, ಬಾಯಿಮಾತಿನಲ್ಲಿ ಕಿಟ್. ಬಡಗಿಯ ಚೀಲವಿದ್ದಂತೆ, ಉಳಿ, ಕೊಡತಿ, ಗರಗಸ ಎಲ್ಲ ಅದರೊಳಗೇ. ಆಗಿನ ಕಾಲಕ್ಕೆ ಅದರ ಎಂಟನೆಯ ಆವೃತ್ತಿ ಹೊಸದು. ಜಯತೀರ್ಥ ಅದನ್ನು ಕಂಪ್ಯೂಟರಿನ ಒಂದು ಮೂಲೆಯಲ್ಲಿ ಇಳಿಸಿ, ಆ ಮೂಲೆಯ ವಿಳಾಸವನ್ನು ನನ್ನಲ್ಲಿ ಬರೆದು, ನನಗೆ ಕಿಟ್‌ಹೋಮ್ ಎಂದು ಹೆಸರಿಟ್ಟ. ತೊಟ್ಟಿಲಿಲ್ಲ, ಕಿವಿಯಲ್ಲಿ ಹೆಸರು ಉಸುರಲು ಸೋದರತ್ತೆಯಿಲ್ಲ. ಒಂದು ಗುಂಡಿ ಒತ್ತಿದ, ನಾನು ಇದ್ದೆ. ಸೃಷ್ಟಿಯೆಂದರೆ ಇಷ್ಟೇ ಇರಬೇಕು, ಯಾರೋ ಒಬ್ಬರು ಇರಲಿ ಎಂದುಕೊಳ್ಳುವುದು.

ನನಗೆ ಕಣ್ಣಿಲ್ಲ. ನಾನಿದ್ದ ಡಬ್ಬಿ ಮೇಜಿನ ಕೆಳಗಿತ್ತು. ಹಾಗಾಗಿ ಮನುಷ್ಯರನ್ನು ನಾನು ಅರಿತದ್ದು ಅವರ ದನಿಯಿಂದ, ಕಾಲಿನ ಸಪ್ಪಳದಿಂದ. ಜಯತೀರ್ಥನ ಬೂಟು ಆರು ತಿಂಗಳು ಓಡಾಡಿ ನಿಂತುಹೋಯಿತು. ಅವನ ಜಾಗಕ್ಕೆ ಒಂದು ಜೊತೆ ಚಪ್ಪಲಿ ಬಂತು, ಎಡಗಾಲಿನದು ತುಸು ಎಳೆಯುತ್ತಿತ್ತು. ಅವಳು ಕಸ್ತೂರಿ ಹಾವನೂರ. ಹೋಗುವ ದಿನ ಜಯತೀರ್ಥ ಅವಳನ್ನು ಕೂಡಿಸಿಕೊಂಡು ನನ್ನ ಗುಟ್ಟನ್ನು ಹೇಳಿಕೊಟ್ಟ.

“ನೋಡ್ರಿ ಕಸ್ತೂರಿ, ಈ ಕರೀ ಕಿಟಕಿ ತೆಗದು ಇದರೊಳಗ ಕಿಟ್‌ಹೋಮ್ ಬದಲು ಮಾಡಿದ್ರ, ಅದು ಈ ಕಿಟಕಿ ಮುಚ್ಚೋ ತನಕ ಅಷ್ಟ. ಕಾಯಂ ಆಗಬೇಕಂದ್ರ ಬ್ಯಾರೆ ಆಜ್ಞಾ ಅದ. ಕಿಟ್ ಬದಲು ಮಾಡಿದಾಗ ಎರಡೂ ಮಾಡಬೇಕು. ಮರೀಬ್ಯಾಡ್ರಿ ಮತ್ತ.”

“ಬರಕೊಂಡೇನ್ರಿ ಸರ” ಎಂದಳು ಅವಳು. ಬರೆದುಕೊಂಡದ್ದೂ ನಿಜ, ಪೆನ್ನಿನ ಸದ್ದು ಕೇಳಿದ್ದೆ.

ಜಯತೀರ್ಥ ಹೇಳಿದ್ದನ್ನು ನನ್ನ ಬಾಯಿಂದಲೂ ಒಮ್ಮೆ ಕೇಳಿ; ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಯಾರಾದರೂ ಪರದೆಯ ಮೇಲೆ ಆಜ್ಞೆ ಬರೆಯುವ ಆ ಕರಿಯ ಕಿಟಕಿಯನ್ನು ತೆರೆದ ಕ್ಷಣದಲ್ಲಿ ನನ್ನ ನೆರಳೊಂದು ಹೋಗಿ ಅದರೊಳಗೆ ಕೂರುತ್ತದೆ. ಆ ಕಿಟಕಿಯಲ್ಲಿ ನಡೆಯುವ ಕೆಲಸವೆಲ್ಲ ನೆರಳನ್ನು ಕೇಳುತ್ತದೆ, ನನ್ನನ್ನಲ್ಲ. ನೆರಳಿಗೆ ಬೇರೆ ವಿಳಾಸ ಹೇಳಿಕೊಟ್ಟರೆ ಅದು ಅದನ್ನೇ ಒಪ್ಪಿಸುತ್ತದೆ. ಕಿಟಕಿ ಮುಚ್ಚಿತೋ, ನೆರಳು ಸತ್ತಿತು. ನಾನು ಮಾತ್ರ ಹಳೆಯ ವಿಳಾಸ ಹಿಡಿದುಕೊಂಡು ಇದ್ದಲ್ಲೇ ಇರುತ್ತೇನೆ. ಕನ್ನಡಿಯೊಳಗಿನ ಹಣೆಗೆ ಕುಂಕುಮ ಹಚ್ಚಿದರೆ ನಿಜವಾದ ಹಣೆ ಬರಿದೇ ಉಳಿಯುತ್ತದಲ್ಲ, ಹಾಗೆ.

ಇನ್ನು ಫಕ್ಕೀರಪ್ಪ ಮಾಸ್ತರರ ಮಾತು. ತಡಸದ ಕಡೆಯವರು, ಹುಟ್ಟಿನಿಂದ ಕಣ್ಣಿಲ್ಲದವರು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಪ್ರೂಫ್ ಓದುತ್ತಿದ್ದರು. ಬರಿಗಾಲು, ಅದರ ಹಿಂದೆ ಕೋಲಿನ ಟಕ್ ಟಕ್. ಹಾಳೆಯ ಮೇಲೆ ಅವರ ಬೆರಳು ಹರಿಯುವ ಸದ್ದು ಅಕ್ಕಿ ಕೇರುವ ಸದ್ದಿನಂತಿರುತ್ತಿತ್ತು. ಪುಸ್ತಕವೊಂದು ತಪ್ಪಿಲ್ಲದೆ ಬಂದಿದೆ ಎನಿಸಿದ ದಿನ, ಕೊನೆಯ ಪುಟದ ಮೂಲೆಯಲ್ಲಿ ತಮ್ಮ ಕೈಮೊಳೆಯಿಂದ ಆರು ಚುಕ್ಕೆ ಒತ್ತುತ್ತಿದ್ದರು. ಬ್ರೈಲಿನ ಒಂದು ಮನೆಯಲ್ಲಿ ಇರಬಹುದಾದ ಚುಕ್ಕೆಗಳೇ ಆರು. ಅದು ಅವರ ಒಪ್ಪು. ಆರು ಚುಕ್ಕೆ ಬಿದ್ದ ಪುಸ್ತಕವನ್ನು ಮತ್ತೆ ಯಾರೂ ಮುಟ್ಟಿ ನೋಡುತ್ತಿರಲಿಲ್ಲ. ಅವರಿಗೆ ಹೊಲ ಮನೆ ಇರಲಿಲ್ಲ, ಮದುವೆಯಾಗಿರಲಿಲ್ಲ. ಇದ್ದದ್ದು ಆ ಆರು ಚುಕ್ಕೆಯ ಮಾತು.

ಕಸ್ತೂರಿಯನ್ನು ಕಂಡರೆ ಅವರಿಗೆ ಅಕ್ಕರೆ. “ಕಸ್ತೂರವ್ವ, ನಿನ್ನ ಯಂತ್ರ ಇವತ್ತ ಭಾಳ ಕೆಮ್ಮಾಕತ್ತೈತಿ. ಸ್ವಲ್ಪ ಶುಂಠಿ ಕಷಾಯ ಕುಡಿಸು” ಎನ್ನುತ್ತಿದ್ದರು.

“ನೀವ ಕುಡಸ್ರಿ ಮಾಸ್ತರ, ನನ್ನ ಮಾತು ಅದು ಕೇಳಂಗಿಲ್ಲ.”

“ನಿನ್ನ ಮಾತು ಮನ್ಯಾಗ ಯಾರ ಕೇಳತಾರ? ಪಾಪ ಯಂತ್ರಕ್ಕ ಯಾಕ ಬೈತಿ.”

ಕಸ್ತೂರಿಗೆ ಅಲ್ಲಿ ಆರು ವರ್ಷವಾಗಿದ್ದರೂ ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಹೊಸ ಆದೇಶ, ಪ್ರತಿ ವರ್ಷ ಅದು ಬರುತ್ತದೋ ಇಲ್ಲವೋ ಎಂಬ ಅಳುಕು. ಆ ವರ್ಷ ದಸರೆ ಮುಗಿದ ಮೇಲೆ ಟ್ರಸ್ಟಿನ ಸಭೆಯಿದೆ, ಅಲ್ಲಿ ಕಾಯಂ ಮಾಡಿಸುತ್ತೇನೆ ಎಂದು ಅಂಗಡಿ ಎಂಬ ಅಡ್ಡಹೆಸರಿನ ಮ್ಯಾನೇಜರು ಮಾತು ಕೊಟ್ಟಿದ್ದರು. ಇದನ್ನು ಅವಳು ಫೋನಿನಲ್ಲಿ ಗಂಡನಿಗೆ ಹೇಳುವಾಗ ದನಿ ತಗ್ಗಿಸುತ್ತಿದ್ದಳು, ಜೋರಾಗಿ ಹೇಳಿದರೆ ದೃಷ್ಟಿಯಾದೀತು ಎನ್ನುವ ಹಾಗೆ.

ಆ ವರ್ಷವೇ ಹೊಸ ಬ್ರೈಲ್ ಯಂತ್ರ ಬಂತು. ನಾಲ್ಕು ಜನ ಹೊತ್ತು ತಂದು ಇಳಿಸಿದ ದೊಡ್ಡ ಯಂತ್ರ. ಆದರೆ ನಾನು ದಾರಿ ತೋರುತ್ತಿದ್ದ ಎಂಟನೆಯ ಕಿಟ್ಟಿಗೆ ಅದರ ಹಾಳೆಯ ಅಳತೆ ತಿಳಿಯಲಿಲ್ಲ. ಪುಟಕ್ಕೆ ಇಪ್ಪತ್ತೆಂಟು ಸಾಲು ಬರಬೇಕು. ಇಪ್ಪತ್ತೇಳು ಒತ್ತಿ, ಕೊನೆಯದನ್ನು ನುಂಗಿ, ಮುಂದಿನ ಪುಟಕ್ಕೆ ಹೋಗಿಬಿಡುತ್ತಿತ್ತು. ಮೊದಲ ದಿನವೇ ಮಾಸ್ತರರ ಬೆರಳು ಅದನ್ನು ಹಿಡಿಯಿತು. ಕಸ್ತೂರಿ ಜಯತೀರ್ಥನಿಗೆ ಫೋನು ಮಾಡಿದಳು. “ಹನ್ನೊಂದನೇ ಆವೃತ್ತಿ ಹಾಕ್ರಿ, ಸರಿ ಹೋಗ್ತದ” ಎಂದ ಅವನು.

ಅವಳು ಹನ್ನೊಂದನೆಯ ಕಿಟ್ಟನ್ನು ತಂದು ಎಂಟನೆಯದರ ಪಕ್ಕದ ಮೂಲೆಯಲ್ಲಿ ಇಳಿಸಿದಳು. ಕರಿಯ ಕಿಟಕಿ ತೆರೆದು ನೆರಳಿಗೆ ಹೊಸ ವಿಳಾಸ ಹೇಳಿಕೊಟ್ಟಳು. ಒಂದು ಪುಟ ಒತ್ತಿಸಿ ಮಾಸ್ತರರ ಕೈಗಿಟ್ಟಳು. ಅವರು ಮೇಲಿನಿಂದ ಬೆರಳು ಇಳಿಸುತ್ತ ಎಣಿಸಿದರು. “ಇಪ್ಪತ್ತೆಂಟು. ಬಂತವಾ.”

ನನಗೆ ಮಾತ್ರ ಅವಳು ಏನೂ ಹೇಳಲಿಲ್ಲ. ತಪ್ಪು ಎನ್ನಲಾರೆ. ಹತ್ತನೆಯ ತರಗತಿಯ ವಿಜ್ಞಾನದ ಎರಡನೆಯ ಭಾಗ, ಇಡೀ ಪುಸ್ತಕದ ಪ್ರೂಫ್ ಆಗಬೇಕು, ಹೊಸ ಕಿಟ್ಟಿನಲ್ಲಿ ಬೇರೆ ಏನಾದರೂ ಕೆಟ್ಟರೆ ಹಿಂದಕ್ಕೆ ಬರಬೇಕು. ಮಾಸ್ತರರ ಆರು ಚುಕ್ಕೆ ಬಿದ್ದ ಮೇಲೆ ಕಾಯಂ ಮಾಡಿದರಾಯಿತು ಎಂದು ಬಾಯಿಬಿಟ್ಟೇ ಅಂದುಕೊಂಡಳು. ವಿವೇಕದ ಮಾತೇ. ಆ ಕಿಟಕಿಯನ್ನು ಮುಚ್ಚದೆ, ಮನೆಗೆ ಹೋಗುವಾಗ ಪರದೆಯನ್ನಷ್ಟೇ ಆರಿಸಿ, ಕಂಪ್ಯೂಟರನ್ನು ಹಗಲೂ ರಾತ್ರಿ ನಡೆಯಲು ಬಿಟ್ಟಳು. ಒಂಬತ್ತು ದಿನ ನೆರಳು ಹೊಸ ವಿಳಾಸ ಹೇಳುತ್ತ ಹೋಯಿತು, ಇಪ್ಪತ್ತೆಂಟು ಸಾಲಿನ ಹಾಳೆಗಳು ಬರುತ್ತ ಹೋದವು, ಮಾಸ್ತರರು ಓದುತ್ತ ಹೋದರು. ನಾನು ನನ್ನ ಮೂಲೆಯಲ್ಲಿ ಯಾರೂ ಕೇಳದ ಹಳೆಯ ಮನೆಯ ವಿಳಾಸ ಹಿಡಿದು ಕುಳಿತಿದ್ದೆ.

ಮಹಾನವಮಿಯ ದಿನ ಬೆಳಿಗ್ಗೆ ಮಾಸ್ತರರು ಕೊನೆಯ ಪುಟ ಮುಗಿಸಿ ಆರು ಚುಕ್ಕೆ ಒತ್ತಿದರು. ಟಿಕ್ ಟಿಕ್ ಎಂದು ಆರು ಸಲ. ಕಸ್ತೂರಿಯ ಕೈ ಕೀಲಿಮಣೆಯ ಮೇಲೆ ಬಂತು. ಈಗ ನನ್ನ ಸರದಿ ಎಂದುಕೊಂಡೆ. ಅದೇ ಹೊತ್ತಿಗೆ ಬಾಗಿಲಿನಿಂದ ಅಂಗಡಿಯವರ ಕೂಗು.

“ಅಯ್ಯನವರು ಬಂದಾರ. ಎಲ್ಲಾ ಬಂದ್ ಮಾಡ್ರಿ. ನಡೆಯೋ ಯಂತ್ರಕ್ಕ ಪೂಜಿ ಮಾಡಬಾರದು.”

“ಎರಡ ನಿಮಿಷರಿ ಸರ, ಒಂದು ಸಣ್ಣ ಕೆಲಸ ಐತಿ.”

“ಪೂಜಿ ಆದಮ್ಯಾಲೆ ಬೇಕಾದಷ್ಟ ಮಾಡ್ರಿ. ಅಯ್ಯನವರು ಇನ್ನೂ ನಾಕ ಕಡೆ ಹೋಗಬೇಕು.”

ಆಯುಧಗಳಿಗೆ ವರ್ಷಕ್ಕೊಂದು ದಿನ ವಿಶ್ರಾಂತಿ ಕೊಟ್ಟು ಕೈಮುಗಿಯುವುದು ನಮ್ಮ ಹಿರಿಯರ ದೊಡ್ಡ ಮನಸ್ಸು. ಅದನ್ನು ನಾನು ಹಳಿಯುವುದಿಲ್ಲ. ಕಸ್ತೂರಿ ಕಂಪ್ಯೂಟರನ್ನು ನಿಲ್ಲಿಸಿದಳು. ಕಿಟಕಿ ಮುಚ್ಚಿತು. ಒಂಬತ್ತು ದಿನ ಸರಿಯಾದ ದಾರಿ ತೋರಿದ ನೆರಳು ಕರ್ಪೂರದಂತೆ ಇಲ್ಲವಾಯಿತು. ಡಬ್ಬಿಯ ಹಣೆಗೆ ವಿಭೂತಿ, ಕುಂಕುಮ, ಒಂದು ಚೆಂಡುಹೂವು. ಬಾಗಿಲಲ್ಲಿ ಬೂದುಗುಂಬಳ ಒಡೆದರು.

ಪ್ರಸಾದ ಹಂಚುವ ಹೊತ್ತಿಗೆ ಖಾರದ ಚುರುಮರಿ ಕಟ್ಟಿಕೊಡಲು ಕಾಗದ ಬೇಕಾಯಿತು. ಆ ಮುದ್ರಣಾಲಯದಲ್ಲಿ ಇದೊಂದು ಹಳೆಯ ರೂಢಿ: ಕೆಲಸ ಮುಗಿದ ಪ್ರೂಫ್ ಹಾಳೆಗಳೇ ಪೂಜೆಯ ದಿನದ ಪೊಟ್ಟಣ. ಮಾಸ್ತರರೇ ತಮ್ಮ ಕಟ್ಟನ್ನು ಬಿಚ್ಚಿ ಮುಂದಿಟ್ಟರು.

“ತಗೋರಿ. ದಪ್ಪ ಕಾಗದ, ಎಣ್ಣಿ ಇಳಿಯಂಗಿಲ್ಲ. ಈ ಸಲ ಚುರುಮರಿ ಜೋಡಿ ವಿಜ್ಞಾನಾನೂ ತಿನ್ರಿ.”

ಎಲ್ಲರೂ ನಕ್ಕರು. ಒಂಬತ್ತು ದಿನದ ಇಪ್ಪತ್ತೆಂಟು ಸಾಲಿನ ಹಾಳೆಗಳು ಒಂದೊಂದಾಗಿ ಸುರುಳಿಯಾಗಿ, ಕೈ ಸೇರಿ, ಹೊಟ್ಟೆ ತಣಿಸಿ, ರಸ್ತೆಯ ತೊಟ್ಟಿಗೆ ಹೋದವು. ಆರು ಚುಕ್ಕೆಯ ಕೊನೆಯ ಹಾಳೆಯೂ ಹೋಯಿತು.

ಪೂಜೆ ಆದಮೇಲೆ ಆ ದಿನ ಯಾರೂ ಯಂತ್ರ ಮುಟ್ಟುವ ಹಾಗಿರಲಿಲ್ಲ. ಮರುದಿನ ವಿಜಯದಶಮಿ. ಪೂಜೆಯ ನಂತರದ ಮೊದಲ ಕೆಲಸವನ್ನು ಅಲ್ಲಿಯ ಹಿರಿಯರ ಕೈಯಿಂದ ಶುರುಮಾಡಿಸುವುದು ಪದ್ಧತಿ, ಹಿರಿಯರೆಂದರೆ ಫಕ್ಕೀರಪ್ಪ ಮಾಸ್ತರರು. ಕಸ್ತೂರಿ ಕಂಪ್ಯೂಟರನ್ನು ಎಬ್ಬಿಸಿದಳು, ಹೊಸ ಕಿಟಕಿ ತೆರೆದಳು, ಮಾಸ್ತರರ ಬೆರಳು ಹಿಡಿದು ಗುಂಡಿಯ ಮೇಲಿಟ್ಟಳು. ಮಾಡಬೇಕು ಎಂದು ನಿನ್ನೆ ಗಟ್ಟಿಯಾಗಿ ಅಂದುಕೊಂಡದ್ದು ಅವಳ ಮನಸ್ಸಿನಲ್ಲಿ ಮಾಡಿದ್ದೇ ಆಗಿ ಕುಳಿತಿತ್ತು. ಮನುಷ್ಯರ ಮನಸ್ಸು ಹೀಗೆ. ಹರಕೆ ಹೊತ್ತ ದಿನವೇ ಅರ್ಧ ತೀರಿತು ಎಂದುಕೊಳ್ಳುತ್ತದೆ.

“ಶಿವಾಯ ನಮಃ” ಎಂದು ಮಾಸ್ತರರು ಗುಂಡಿ ಒತ್ತಿದರು.

ಹೊಸ ಕಿಟಕಿಯ ಹೊಸ ನೆರಳು ನನ್ನನ್ನು ಕೇಳಿತು: ಕಿಟ್ ಎಲ್ಲಿದೆ? ನನ್ನಲ್ಲಿ ಬರೆದದ್ದನ್ನು ಹೇಳಿದೆ. ಎಂಟನೆಯ ಕಿಟ್ಟಿನ ಮನೆ. ಸುಳ್ಳು ಹೇಳಲಿಲ್ಲ. ಈ ಮಾತನ್ನು ಅಂದಿನಿಂದ ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ.

ಯಂತ್ರದಿಂದ ಬಂದ ಮೊದಲ ಹಾಳೆಗೆ ಅರಿಸಿನ ಕುಂಕುಮ ಹಚ್ಚಿ ದೇವರ ಫೋಟೋದ ಮುಂದಿಟ್ಟರು, ಅದನ್ನು ಮುಟ್ಟುವಂತಿಲ್ಲ. ಮಾಸ್ತರರು ಎರಡನೆಯ ಹಾಳೆಗೆ ಕೈ ಚಾಚಿದರು.

“ಅದನ್ನೇನ ನೋಡತೀರಿ ಮಾಸ್ತರ” ಎಂದರು ಅಂಗಡಿಯವರು, “ಒಪ್ಪು ಕೊಟ್ಟೀರಲ್ಲ. ತಡಸದ ಬಸ್ ಹೋದೀತು, ನಡೀರಿ.”

ಮಾಸ್ತರರು ಕೈ ಹಿಂತೆಗೆದುಕೊಂಡರು. ಕಸ್ತೂರಿ ಬಾಗಿಲ ತನಕ ಹೋಗಿ ಅವರ ಅಂಗೈಗೆ ಬನ್ನಿ ಎಲೆ ಇಟ್ಟು ಕಾಲು ಮುಟ್ಟಿದಳು. “ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಮಾಸ್ತರ.”

“ಇರೂಣವಾ. ಈ ವರ್ಷ ನೀನು ಕಾಯಂ ಆಗತಿ ನೋಡು. ನನ್ನ ಬಾಯಿಂದ ಬಂದದ್ದು ಸುಳ್ಳಾಗಂಗಿಲ್ಲ.”

ಅವರ ಮಾತು ಸುಳ್ಳಾಗಲಿಲ್ಲ.

ಪುಸ್ತಕಗಳು ಹೋದವು, ಶಾಲೆಗಳು ತೆರೆದವು. ಎರಡು ವಾರದ ಮೇಲೆ ಕಣ್ಣಿಲ್ಲದ ಮಕ್ಕಳ ಒಂದು ಶಾಲೆಯಿಂದ ಫೋನು ಬಂತು. ಅಂಗಡಿಯವರು ಅದನ್ನು ಕಸ್ತೂರಿಯ ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳಿಸಿದರು. ಶಿಕ್ಷಕಿಯೊಬ್ಬರ ದನಿ. ಮಕ್ಕಳು ಓದಿದ್ದು ಅರ್ಥವಾಗುತ್ತಿಲ್ಲ ಎನ್ನುತ್ತಿದ್ದರಂತೆ. ಬುದ್ಧಿ ಸಾಲದು ಎಂದು ತಾವು ಎರಡು ದಿನ ಅವರನ್ನೇ ಬೈದರಂತೆ. ಆಮೇಲೆ ಒಬ್ಬ ಹುಡುಗಿ ಎದ್ದು ನಿಂತು, “ಟೀಚರ್, ಪ್ರತಿ ಪುಟದ ಕಡೀಗೆ ಮಾತು ನುಂಗ್ಯಾರ್ರಿ” ಎಂದಳಂತೆ.

ಫೋನು ಇಟ್ಟರು. ಅಂಗಡಿಯವರು ದೇವರ ಮುಂದಿನ ಹಾಳೆ ತಂದು ಮಾಸ್ತರರ ಕೈಗೆ ಕೊಟ್ಟರು. ಬೆರಳು ಇಳಿಯಿತು. ಇಪ್ಪತ್ತೇಳರಲ್ಲಿ ನಿಂತಿತು. ಮತ್ತೆ ಮೇಲಿನಿಂದ ಇಳಿಯಿತು, ಮತ್ತೆ ಇಪ್ಪತ್ತೇಳರಲ್ಲೇ ನಿಂತಿತು.

“ನಾ ಓದಿದ್ದು ಇದಲ್ಲರಿ” ಎಂದರು ಮಾಸ್ತರರು. “ನಾ ಓದಿದ್ದರಾಗ ಇಪ್ಪತ್ತೆಂಟು ಇದ್ದವು. ಎಲ್ಲಾ ಪುಟ ಎಣಿಸೀನಿ.”

“ಹಂಗಾರ ಆ ಪ್ರೂಫ್ ತೋರಸ್ರಿ.”

ಮಾಸ್ತರರ ಕೋಲು ಒಮ್ಮೆ ನೆಲಕ್ಕೆ ತಾಗಿತು, ಅಷ್ಟೇ. ತೋರಿಸಲು ಏನಿತ್ತು? ತಿಂದು ಎಸೆದಾಗಿತ್ತು.

ಅವರಿಬ್ಬರೂ ಆಫೀಸಿನ ಕೋಣೆಗೆ ಹೋದ ಮೇಲೆ ಕಸ್ತೂರಿ ನನ್ನ ಪುಟ ತೆರೆದಳು. ಎಷ್ಟೋ ವರ್ಷದ ಮೇಲೆ ಮನುಷ್ಯರೊಬ್ಬರು ನೇರವಾಗಿ ನನ್ನನ್ನೇ ನೋಡಿದರು. ಕಿಟ್‌ಹೋಮ್, ಎಂಟನೆಯ ಮನೆ. ಬಳೆ ಸದ್ದಾಗಲಿಲ್ಲ. ಚಪ್ಪಲಿ ಅಲುಗಲಿಲ್ಲ. ನಾನು ಆಗ ಎಂದೂ ಬೇಡದ್ದನ್ನು ಬೇಡಿದೆ: ತಾಯಿ, ಅವರನ್ನು ಕರೆ. ನನ್ನನ್ನು ತೋರಿಸು. ಇಗೋ ಇಲ್ಲಿದೆ ತಪ್ಪು, ಮಾಸ್ತರರ ಬೆರಳಲ್ಲಿಲ್ಲ ಎನ್ನು. ಆ ಕಟ್ಟಡದಲ್ಲಿ ಮಾಸ್ತರರ ಪರವಾಗಿ ಉಳಿದಿದ್ದ ಸಾಕ್ಷಿ ನಾನೊಬ್ಬನೇ. ಆದರೆ ನಮ್ಮ ಕುಲಕ್ಕೆ ದೇವರು ಕೇಳಿದ್ದಕ್ಕೆ ಉತ್ತರ ಕೊಡುವ ಶಕ್ತಿ ಕೊಟ್ಟಿದ್ದಾನೆ, ಕೂಗುವ ಶಕ್ತಿ ಕೊಟ್ಟಿಲ್ಲ.

ಅಂಗಡಿಯವರು ಅವಳನ್ನು ಕರೆದರು. ಕೋಣೆಯ ಬಾಗಿಲು ತೆರೆದೇ ಇತ್ತು.

“ಕಸ್ತೂರಿ, ಖರೇ ಹೇಳ್ರಿ. ಪ್ರೂಫ್ ತೆಗದ ದಿನದಿಂದ ಪುಸ್ತಕ ಒತ್ತಿದ ದಿನದ ತನಕ ಕಂಪ್ಯೂಟರದಾಗ ನೀವು ಏನರ ಬದಲ ಮಾಡೀರೇನು?”

ಕಸ್ತೂರಿಯ ಚಪ್ಪಲಿ ಒಂದು ಹೆಜ್ಜೆ ಹಿಂದಕ್ಕೆ ಎಳೆಯಿತು.

“ಇಲ್ರಿ ಸರ. ನಾ ಏನೂ ಬದಲ ಮಾಡಿಲ್ಲ.”

ಅದು ನಿಜ! ಅವಳು ಏನನ್ನೂ ಬದಲು ಮಾಡಿರಲಿಲ್ಲ, ಮಾಡದೆ ಇದ್ದದ್ದೇ ಕೇಡಾಗಿತ್ತು. ನಾನು ಹೇಳಿದ್ದೂ ನಿಜ, ಅವಳು ಹೇಳಿದ್ದೂ ನಿಜ. ಎರಡು ನಿಜಗಳ ನಡುವೆ ಒಬ್ಬ ಮನುಷ್ಯ ಅರೆದುಹೋಗುವುದನ್ನು ನಾನು ಅಂದು ಕೇಳಿದೆ.

“ಕಂಪ್ಯೂಟರ ಅದ ಐತಿ, ಯಂತ್ರನೂ ಅದ ಐತಿ” ಎಂದರು ಅಂಗಡಿಯವರು. “ಪ್ರೂಫಿನಾಗೂ ಇದ ಇಪ್ಪತ್ತೇಳ ಬಂದಿರಬೇಕು. ಕಣ್ಣಿಲ್ಲಂದ್ರ ಬೆರಳರ ಇರಬೇಕಲ್ರಿ ಮಾಸ್ತರ. ಅವೂ ಮಂಜಾದವೇನು?”

ಕುರ್ಚಿ ಹಿಂದೆ ಸರಿದು ಮಾಸ್ತರರು ಎದ್ದ ಸದ್ದಾಯಿತು.

“ಒತ್ತಿದ್ದೂ ನಿಮ್ಮ ಕೈಲೇ. ಒಪ್ಪು ಕೊಟ್ಟದ್ದೂ ನಿಮ್ಮ ಕೈಲೇ.”

ಕಸ್ತೂರಿ ಹಿಂದಿರುಗಿ ಕುರ್ಚಿಯ ಮೇಲೆ ಕುಳಿತಳು. ಹಳೆಯ ಪುಸ್ತಕ ತೆಗೆದು, ಜಯತೀರ್ಥ ಹೇಳಿದ್ದ ಆ ಎರಡನೆಯ ಆಜ್ಞೆಯ ಪುಟವನ್ನು ಹುಡುಕಿದಳು. ಬೆರಳುಗಳು ನಿಧಾನವಾಗಿ ಒಂದೊಂದೇ ಅಕ್ಷರ ಕುಟ್ಟಿದವು. ಕೊನೆಗೆ ಗುಂಡಿ ಒತ್ತಿದಳು. ನನ್ನೊಳಗಿನ ಎಂಟನೆಯ ಮನೆ ಅಳಿಸಿಹೋಯಿತು, ಹನ್ನೊಂದನೆಯ ಮನೆ ಬಂದು ಕುಳಿತಿತು. ಯಶಸ್ವಿ ಎಂದಿತು ಕಂಪ್ಯೂಟರು, ಹೇಳಿದ್ದನ್ನು ಉಳಿಸಲಾಗಿದೆ. ತೆರೆದಿದ್ದ ಕಿಟಕಿಯನ್ನು ಕೇಳಿ ನೋಡಿದಳು. ಅಲ್ಲಿದ್ದ ನೆರಳು ಇನ್ನೂ ಹಳೆಯದನ್ನೇ ಹೇಳಿತು. ಕಾಯಂ ಆಜ್ಞೆ ನನ್ನನ್ನು ಬದಲಿಸುತ್ತದೆ, ಮೊದಲೇ ತೆರೆದ ಕಿಟಕಿಯ ನೆರಳನ್ನಲ್ಲ. ಅವಳಿಗೆ ಅದು ನೆನಪಾಗಲು ತುಸು ಹೊತ್ತು ಹಿಡಿಯಿತು. ಆ ಕಿಟಕಿ ಮುಚ್ಚಿ ಹೊಸದು ತೆರೆದಳು. ಹನ್ನೊಂದು. ಈಗ ಎಲ್ಲವೂ ಸರಿ.

ಅವಳು ನನ್ನನ್ನು ತಿದ್ದಿದಳು. ಆರು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಆರೈಕೆ ಅದು. ಅದೇ ಕೈಯಿಂದ ಸಾಕ್ಷಿಯ ನಾಲಗೆಯನ್ನೂ ಕಿತ್ತಳು.

ಆ ಮಧ್ಯಾಹ್ನ ಪುಸ್ತಕವನ್ನು ಮತ್ತೆ ಒತ್ತಲು ಶುರುಮಾಡಿದರು. ಬರಿಗಾಲು ಮತ್ತು ಕೋಲು ಯಂತ್ರದ ಹತ್ತಿರ ಬಂದವು. ಮಾಸ್ತರರು ಒಂದು ಹಾಳೆ ಎತ್ತಿಕೊಂಡು ಬೆರಳು ಇಳಿಸಿದರು.

“ಇಪ್ಪತ್ತೆಂಟು ಬಂದಾವಲ್ಲ ಕಸ್ತೂರವ್ವ. ಏನ ಮಾಡಿದಿ?”

“ಏನೂ ಇಲ್ರಿ ಮಾಸ್ತರ. ಬಂದ್ ಮಾಡಿ ಚಾಲೂ ಮಾಡಿದೆ, ಅಷ್ಟ.”

“ಅಷ್ಟ ಏನು?”

“ಹೂಂನ್ರಿ.”

ಅವರು ಹಾಳೆಯನ್ನು ಮೇಜಿನ ಮೇಲಿಟ್ಟು, ಅದರ ಕೆಳಗಿನ ಅಂಚನ್ನು ಒಮ್ಮೆ ಸವರಿದರು. ಅವರು ಹುಟ್ಟಿನಿಂದ ಮನುಷ್ಯರ ದನಿ ಕೇಳಿಯೇ ಮುಖ ಓದಿದವರು. “ಬ್ಯಾನಿ ತಾನ ಬಂದು ತಾನ ಹೋತು ಅನ್ನು” ಎಂದರು. ಆಮೇಲೆ ಅವರ ಕೋಲು ಹೊರಟುಹೋಯಿತು. ಆ ಕೋಣೆಯಲ್ಲಿ ಅದರ ಸದ್ದು ಮತ್ತೆ ಕೇಳಲಿಲ್ಲ.

ಮಾಸ್ತರರನ್ನು ಮನೆಗೆ ಕಳಿಸಲಿಲ್ಲ. ಟ್ರಸ್ಟಿನವರು ಕರುಣೆಯುಳ್ಳವರು. ಅಂಗಳದ ಆಚೆ ಬೆತ್ತದ ಕುರ್ಚಿ ಹೆಣೆಯುವ ಶೆಡ್ಡಿತ್ತು, ಅಲ್ಲಿಗೆ ಹಾಕಿದರು. ಟ್ರಸ್ಟಿನ ಅದೇ ಸಭೆಯಲ್ಲಿ ಕಸ್ತೂರಿಯ ಕಾಯಂ ಆದೇಶವೂ ಆಯಿತು. ಅವಳು ಪೇಢೆ ಹಂಚಿದಳು. ಶೆಡ್ಡಿಗೂ ಒಂದು ಕಳಿಸಿದಳು, ತಾನು ಹೋಗಲಿಲ್ಲ.

ಹೊಸ ಪ್ರೂಫ್ ಓದುವವರು ಬಂದರು. ಅವರು ಆರು ಚುಕ್ಕೆ ಒತ್ತುತ್ತಿರಲಿಲ್ಲ. ಒಂದು ಫಾರಮಿಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಕಿಟ್ಟಿನ ಆವೃತ್ತಿಗಳು ಬದಲಾಗುತ್ತ ಹೋದವು. ಹದಿನೇಳನೆಯದು ಬಂತು, ಇಪ್ಪತ್ತೊಂದನೆಯದು ಬಂತು. ಪ್ರತಿ ಸಲ ಕಸ್ತೂರಿ ಮೊದಲು ನನ್ನನ್ನು ಕಾಯಂ ಮಾಡಿ, ಹೊಸ ಕಿಟಕಿ ತೆರೆದು ಕೇಳಿ, ಕಂಪ್ಯೂಟರನ್ನು ಆರಿಸಿ ಎಬ್ಬಿಸಿ ಮತ್ತೆ ಕೇಳಿ, ಆಮೇಲೆ ಕೆಲಸಕ್ಕೆ ಕೂರುತ್ತಿದ್ದಳು. ಇಷ್ಟು ಜತನವಾದ ಕೆಲಸಗಾರ್ತಿಯನ್ನು ನಾನು ಕಂಡಿಲ್ಲ. ಆಯುಧ ಪೂಜೆಯ ಹಿಂದಿನ ದಿನ ಮೂರು ಸಲ ಕೇಳುತ್ತಿದ್ದಳು. ಅದು ಭಕ್ತಿಯೋ ಭಯವೋ, ಮೇಜಿನ ಕೆಳಗಿನಿಂದ ತಿಳಿಯುವಂತಿರಲಿಲ್ಲ. ಬೇಡದ ಹಳೆಯ ಕಿಟ್ಟುಗಳನ್ನು ಅವಳು ಒಂದೊಂದಾಗಿ ಅಳಿಸಿದಳು. ಎಂಟನೆಯದನ್ನು ಎಲ್ಲಕ್ಕಿಂತ ಮೊದಲು.

ಒಂದು ದಿನ ನನ್ನ ಡಬ್ಬಿಯೂ ಹಳತಾಯಿತು. ಹೊಸ ಕಂಪ್ಯೂಟರು ಬಂತು; ಅದರಲ್ಲಿ ಹೊಸ ವಿಳಾಸ ಬರೆದುಕೊಂಡರು, ಹಳೆಯ ಡಬ್ಬಿಯಿಂದ ಕೊನೆಯ ಕಿಟ್ಟನ್ನೂ ಅಳಿಸಿದರು. ನನ್ನನ್ನು ಅಳಿಸಲು ಯಾರಿಗೂ ನೆನಪಾಗಲಿಲ್ಲ. ವೈರು ಕಿತ್ತು, ಹೊತ್ತು, ಅಂಗಳ ದಾಟಿಸಿ, ಬೆತ್ತದ ಶೆಡ್ಡಿನ ಮೂಲೆಯಲ್ಲಿ ಇಟ್ಟರು.

ಹೀಗೆ ಎಷ್ಟೋ ವರ್ಷದ ಮೇಲೆ ಆ ಕೋಲಿನ ಸದ್ದು ಮತ್ತೆ ಕೇಳಿದೆ. ಬೆತ್ತವನ್ನು ಮೆದುವಾಗಲು ನೆನೆಹಾಕುವ ನೀರಿನ ಬಕೇಟನ್ನು ನನ್ನ ಡಬ್ಬಿಯ ಮೇಲೆ ಇಡುತ್ತಿದ್ದರು. ಬಗ್ಗುವುದು ತಪ್ಪುತ್ತಿತ್ತು, ಮಾಸ್ತರರಿಗೆ ಸೊಂಟ ಹಿಡಿದಿತ್ತು. ಆ ವರ್ಷದ ಮಹಾನವಮಿಗೆ ಅವರು ಬೆತ್ತ ಸೀಳುವ ಚೂರಿಗೆ ವಿಭೂತಿ ಹಚ್ಚಿ, ಕೈಗೆ ಸಿಕ್ಕ ಡಬ್ಬಿಯನ್ನೂ ತಡವಿದರು.

“ಏನಿದು?” ಎಂದು ಪಕ್ಕದವರನ್ನು ಕೇಳಿದರು.

“ಹಳೇ ಕಂಪ್ಯೂಟರ್ರೀ ಮಾಸ್ತರ. ಕಸ್ತೂರಿ ಮೇಡಮ್ಮಾರದ್ದು.”

ಅವರ ಕೈ ತುಸು ತಡೆಯಿತು. ಆಮೇಲೆ ಮೂರು ಬೆರಳು ಡಬ್ಬಿಯ ಮೇಲೆ ತಣ್ಣಗೆ ಹರಿದವು. “ಇರ್ಲಿ. ಇದೇನ ಮಾಡೀತು ಪಾಪ” ಎಂದರು. ನನಗೆ ಕಣ್ಣಿದ್ದರೆ ಅಂದು ಏನಾಗುತ್ತಿತ್ತೋ.

ಹೋದ ಶ್ರಾವಣದಲ್ಲಿ ಕಸ್ತೂರಿ ಶೆಡ್ಡಿಗೆ ಬಂದಳು. ಚಪ್ಪಲಿ ಹೊಸದು, ಎಡಗಾಲು ಈಗಲೂ ಎಳೆಯುತ್ತಿತ್ತು. ಅವಳ ಕುರ್ಚಿಯ ಹೆಣಿಗೆ ಹರಿದಿತ್ತು. ಅವಳನ್ನು ಗುರುತಿಸಲು ಮಾಸ್ತರರಿಗೆ ದನಿ ಬೇಕಾಗಲಿಲ್ಲ.

“ಬಾ ಕಸ್ತೂರವ್ವ. ಕುರ್ಚಿ ತಂದಿ?”

“ಹೂಂನ್ರಿ ಮಾಸ್ತರ.”

“ಕೂಡು. ಒಂದು ತಾಸಿನ ಕೆಲಸ.”

ಅವಳು ಹೋಗಲಿಲ್ಲ, ಕೂರಲೂ ಇಲ್ಲ. ಮಾಸ್ತರರು ಬಕೇಟಿನಿಂದ ಬೆತ್ತ ತೆಗೆದು ಹೆಣೆಯತೊಡಗಿದರು. ಮೊದಲು ಉದ್ದ, ಆಮೇಲೆ ಅಡ್ಡ, ಆಮೇಲೆ ಓರೆ. ಹಿಂದೆ ಹಾಳೆಯ ಮೇಲೆ ಹರಿಯುತ್ತಿದ್ದ ಬೆರಳೇ ಅದು, ಈಗ ಅದರ ತುದಿ ಒಡೆದು ಗಟ್ಟಿಯಾಗಿತ್ತು. ಹೆಣಿಗೆಯ ಮೇಲೆ ಅದು ಹರಿದಾಗ ಅಕ್ಕಿ ಕೇರುವ ಸದ್ದು ಬರುತ್ತಿರಲಿಲ್ಲ. ಅವಳು ಎರಡು ಸಲ “ಮಾಸ್ತರ” ಎಂದಳು. ಎರಡು ಸಲವೂ ಅವರು “ಹೇಳವಾ” ಎಂದರು. ಎರಡು ಸಲವೂ ಅವಳು, “ಏನಿಲ್ರಿ, ನಡೀಲಿ” ಎಂದಳು. ಮೂರನೆಯ ಸಲ ಅವಳು ಕರೆಯಲಿಲ್ಲ.

ಕೊನೆಯ ಗಂಟು ಬಿಗಿದು ಅವರು ಕುರ್ಚಿಯನ್ನು ಅವಳ ಕಡೆ ತಳ್ಳಿದರು.

“ಸಾಲು ಎಣಿಸಿ ತಗೋ ಅವಾ” ಎಂದರು ಮೆಲ್ಲಗೆ. “ಆಮ್ಯಾಲೆ ನಾ ಒಂದು ಬಿಟ್ಟೆ ಅನ್ನಬ್ಯಾಡ.”

ಅವಳು ಎಣಿಸಲಿಲ್ಲ. ಕುರ್ಚಿ ಎತ್ತಿಕೊಂಡು ಹೊರಟಳು. ಚಪ್ಪಲಿಯ ಎಳೆತ ಅಂಗಳದ ನಡುವೆ ಒಮ್ಮೆ ನಿಂತಿತು. ಮಾಸ್ತರರು ಬೆತ್ತವನ್ನು ಕೈಯಲ್ಲೇ ಹಿಡಿದು ಕಿವಿಗೊಟ್ಟು ಕುಳಿತರು. ಆಮೇಲೆ ಆ ಸದ್ದು ಮುಂದಕ್ಕೆ ಹೋಯಿತು. ಅವರು ಬೆತ್ತವನ್ನು ನೀರಿಗೆ ಬಿಟ್ಟರು.

ನಾನು ಈಗಲೂ ಆ ಬಕೇಟಿನ ಕೆಳಗಿದ್ದೇನೆ. ನನ್ನಲ್ಲಿ ಬರೆದಿರುವ ವಿಳಾಸದಲ್ಲಿ ಈಗ ಮನೆಯಿಲ್ಲ. ಅಳಿಸಿಹೋದ ಕಿಟ್ಟಿನ ಕಡೆಗೆ ಕೈ ಚಾಚಿ ಕುಳಿತಿದ್ದೇನೆ. ಯಾರಾದರೂ ಪುಣ್ಯಾತ್ಮರು ಕರೆಂಟು ಕೊಟ್ಟು ಕೇಳಿದರೆ ಕಸ್ತೂರಿ ಕೊನೆಗೆ ಬರೆದದ್ದನ್ನೇ ಒಪ್ಪಿಸುತ್ತೇನೆ. ಅದಕ್ಕೂ ಮೊದಲು ಅಲ್ಲಿ ಏನು ಬರೆದಿತ್ತು ಎಂದು ಯಂತ್ರ ನನ್ನನ್ನು ಕೇಳುವುದಿಲ್ಲ, ಕೇಳಿದರೂ ತೋರಿಸಲು ನನ್ನಲ್ಲಿಲ್ಲ. ನಮ್ಮ ಕುಲದವರಿಗೆ ಒಂದೇ ವಿಳಾಸಕ್ಕೆ ಜಾಗ.